ಭೂಮಧ್ಯರೇಖೆಯ ಮೋಡಗಳೂ ನಮ್ಮ ಹೊಲಗಳೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದವನು ಕಾವ್ಯವನ್ನು ಬಿಟ್ಟು ಮಳೆಯನ್ನು ಕುರಿತು ಮಾತನಾಡುವುದೇಕೆಂದು ತಮಗೆ ಅನ್ನಿಸಬಹುದು. ನಾನು ಈ ಮಡಕಶಿರಾ ಸೀಮೆಯ ಒಕ್ಕಲು ಮನೆತನದಲ್ಲಿ ಹುಟ್ಟಿದವನು. ನನ್ನ ಬಾಲ್ಯದಲ್ಲಿ ಒಂದು ವರ್ಷ ಆರಿದ್ರ ಮಳೆ ಹದವಾಗಿ ಬಿದ್ದಿತೆಂದು ನಮ್ಮ ತಂದೆಯವರು ಸಾಲ ತಂದು ಕಡಲೆಕಾಯಿ ಬಿತ್ತಿದರು. ಆಮೇಲೆ ಮೂರು ವಾರ ಹನಿ ಬೀಳಲಿಲ್ಲ. ಮೊಳೆತ ಪೈರು ಬಾಡಿತು, ಸಾಲವೊಂದು ಉಳಿಯಿತು. ಬಂದ ಮಳೆ ಹೋದದ್ದೆಲ್ಲಿಗೆ ಎಂದು ಅಂದು ಕೇಳಿದ ನನಗೆ ಉತ್ತರ ಹೇಳುವವರಿರಲಿಲ್ಲ. ಆ ಉತ್ತರದಲ್ಲಿ ವಿಜ್ಞಾನಿಗಳು ಕಂಡುಕೊಂಡ ಒಂದು ಭಾಗವನ್ನು ಇಂದು ತಮ್ಮ ಮುಂದಿಡುತ್ತೇನೆ.

ಭೂಮಧ್ಯರೇಖೆಯ ಆಸುಪಾಸಿನಲ್ಲಿ ಸೂರ್ಯನ ಕಿರಣಗಳು ನೆಟ್ಟಗೆ ಬೀಳುತ್ತವೆ. ಕಡಲು ಕಾದು, ತೇವ ತುಂಬಿದ ಗಾಳಿ ಮೇಲೇರುತ್ತದೆ. ಮೇಲೆ ತಣಿದು ಆವಿಯು ಹನಿಯಾಗುವಾಗ ಹೊರಬೀಳುವ ಶಾಖವು ಆ ಗಾಳಿಯನ್ನು ಇನ್ನೂ ಎತ್ತರಕ್ಕೊಯ್ಯುತ್ತದೆ. ಕೆಳಗೆ ತೆರವಾದ ಎಡೆಗೆ ಉತ್ತರದಿಂದಲೂ ದಕ್ಷಿಣದಿಂದಲೂ ಗಾಳಿ ಬಂದು ಕೂಡುತ್ತದೆ. ಹೀಗೆ ಭೂಮಿಗೆ ಒಡ್ಯಾಣ ತೊಡಿಸಿದಂತೆ ಮೋಡದ ಪಟ್ಟಿಯೊಂದು ಏರ್ಪಡುತ್ತದೆ. ಅದು ಸ್ಥಿರವಲ್ಲ, ಸೂರ್ಯನನ್ನು ಹಿಂಬಾಲಿಸಿ ನಮ್ಮ ಬೇಸಗೆಯಲ್ಲಿ ಉತ್ತರಕ್ಕೆ ಸರಿಯುತ್ತದೆ.

1980ರಲ್ಲಿ ಡಿ. ಆರ್. ಸಿಕ್ಕಾ ಅವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರೂ ಉಪಗ್ರಹ ತೆಗೆದ ದಿನದಿನದ ಚಿತ್ರಗಳನ್ನು ಪರಿಶೀಲಿಸಿ ಒಂದು ಸಂಗತಿಯನ್ನು ಪ್ರಕಟಿಸಿದರು. ಮಳೆಗಾಲದಲ್ಲಿ ನಮ್ಮ ಕಡೆ ಇಂಥ ಪಟ್ಟಿಗಳು ಎರಡು: ಒಂದು ನೆಲದ ಮೇಲೆ, ಇನ್ನೊಂದು ಭೂಮಧ್ಯರೇಖೆಯ ಬಳಿ ಹಿಂದೂ ಮಹಾಸಾಗರದ ಮೇಲೆ. ನೆಲದ ಪಟ್ಟಿ ಸೊರಗಿದಾಗ, ಎರಡರಿಂದ ಆರು ವಾರಗಳ ಅಂತರದಲ್ಲಿ, ಕಡಲ ಪಟ್ಟಿಯು ಉತ್ತರಕ್ಕೆ ಸರಿದುಬಂದು ಅದಕ್ಕೆ ಮರುಜೀವ ಕೊಡುತ್ತದೆ. ಮಳೆಗಾಲದ ನಡುವಣ ಬಿಡುವು ಆಕಸ್ಮಿಕವಲ್ಲ, ಅದು ಮಳೆಯ ನಡಿಗೆಯಲ್ಲಿಯೇ ಇದೆ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಸೀಮೆಯಾದರೋ ಘಟ್ಟದ ಮರೆಯದು. ಇಲ್ಲಿಯ ಬರದ ಕಥೆಯನ್ನೆಲ್ಲ ಇದೊಂದರಿಂದಲೇ ಬಿಡಿಸಲಾಗದು. ಅದನ್ನರಿತೇ ಗಾಡ್ಗೀಳ್ ಅವರು ನೆರೆಯ ಪಾವಗಡದ ಕಡಲೆಕಾಯಿ ಬೆಳೆಗಾರರೊಡನೆ ಕಲೆತು, ಬಹುವರ್ಷಗಳ ಮಳೆಯ ಲೆಕ್ಕವನ್ನಿಟ್ಟುಕೊಂಡು, ಯಾವಾಗ ಬಿತ್ತಿದರೆ ನಷ್ಟದ ಭಯ ಕಡಿಮೆಯೆಂದು ವಿಚಾರಮಾಡಿದರು.

ಕಡಲ ಮೇಲೆ ಮಳೆಮಾಪಕಗಳನ್ನು ಹೂಳುವಂತಿಲ್ಲ. ಆದುದರಿಂದ ಭಾರತವೂ ಫ್ರಾನ್ಸ್ ದೇಶವೂ ಕೂಡಿ 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟೆಯಿಂದ 'ಮೇಘಾ ಟ್ರಾಪಿಕ್ಸ್' ಎಂಬ ಉಪಗ್ರಹವನ್ನು ಹಾರಿಸಿದುವು. ಸುಮಾರು 867 ಕಿಲೋಮೀಟರ್ ಎತ್ತರದಲ್ಲಿ, ಭೂಮಧ್ಯರೇಖೆಗೆ ಕೇವಲ 20 ಡಿಗ್ರಿ ಓರೆಯಾದ ಹಾದಿಯಲ್ಲಿ ಅದು ಸುತ್ತುತ್ತಿದ್ದುದರಿಂದ ಉಷ್ಣವಲಯದ ಮೋಡಗಳನ್ನು ದಿನಕ್ಕೆ ಹಲವು ಬಾರಿ ನೋಡಬಲ್ಲುದಾಗಿತ್ತು. ಮಳೆಯನ್ನು ಅಳೆಯುವ ಉಪಕರಣ 2013ರಲ್ಲಿ ಕೆಟ್ಟರೂ ಗಾಳಿಯ ತೇವವನ್ನು ಅಳೆಯುವ ಉಪಕರಣ ಮುಂದೆಯೂ ದುಡಿಯಿತು. 2023ರ ಮಾರ್ಚ್ 7ರಂದು ವಿಜ್ಞಾನಿಗಳು ಅದನ್ನು ಶಾಂತಸಾಗರದ ಮೇಲೆ ಕೆಳಗಿಳಿಸಿ ಮುಗಿಸಿದರು.

ವಿದ್ಯಾರ್ಥಿಗಳೇ, ಉಪಗ್ರಹಕ್ಕೂ ನೆಲದ ಸಾಕ್ಷಿ ಬೇಕು. ಶಾಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಪ್ರತಿದಿನ ಬೆಳಿಗ್ಗೆ 8-30ಕ್ಕೆ ಬಿದ್ದ ಮಳೆಯನ್ನು ಕನ್ನಡದಲ್ಲಿ ಬರೆದಿಡಿರಿ. ಮಳೆ ಬಾರದ ದಿನವೂ ಸೊನ್ನೆಯೆಂದು ಬರೆಯಿರಿ. ಮೃಗಶಿರ, ಆರಿದ್ರ ಎಂದು ಹಿರಿಯರು ಎಣಿಸಿದ ಲೆಕ್ಕದ ಪಕ್ಕದಲ್ಲಿ ನಿಮ್ಮ ಲೆಕ್ಕವೂ ಇರಲಿ. ಇಪ್ಪತ್ತು ವರ್ಷಗಳ ಅಂಥ ಪುಸ್ತಕವೊಂದು ನಮ್ಮ ತಂದೆಯವರ ಕೈಯಲ್ಲಿದ್ದಿದ್ದರೆ, ಒಂದು ಹದ ಮಳೆಗೆ ಮನೆಯ ಬೀಜವನ್ನೆಲ್ಲ ಮಣ್ಣಿಗೆ ಹಾಕುವ ಮುನ್ನ ಅವರು ಎರಡು ಸಲ ಯೋಚಿಸುತ್ತಿದ್ದರು.