ಕಿವುಡರ ವಿದ್ಯಾಪೀಠದಲ್ಲಿ ಎಂಟು ದಿನಗಳು

ಕಿವುಡರನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದೇ ಒಂದು ವಿಪರ್ಯಾಸ. ಯಾರ ವಿಷಯವನ್ನು ಹೇಳಹೊರಟಿದ್ದೇನೆಯೋ ಅವರಿಗೆ ಈ ಮಾತು ಕೇಳಿಸದು. ಕಿವಿಯುಳ್ಳವರು ತಮ್ಮತಮ್ಮೊಳಗೇ ಕುಳಿತು ಕಿವುಡರ ಹಿತವನ್ನು ನಿರ್ಣಯಿಸುವುದು ಬಹು ಹಳೆಯ ರೂಢಿ. ಆ ರೂಢಿಯನ್ನು ವಿದ್ಯಾರ್ಥಿಗಳು ಎಂಟು ದಿನಗಳಲ್ಲಿ ಮುರಿದ ಒಂದು ಪ್ರಸಂಗ ಇಂದಿನ ನನ್ನ ವಿಷಯ. ಕಿವುಡರು ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ನಯವಾದ ಬೇರೆ ಪದಗಳು ನಮ್ಮಲ್ಲಿ ಬಂದಿವೆ. ಆದರೆ ಆ ವಿದ್ಯಾರ್ಥಿಗಳು ತಮ್ಮನ್ನು ಕರೆದುಕೊಂಡದ್ದು ನೇರವಾದ ಹೆಸರಿನಿಂದಲೇ.

ಅಮೆರಿಕದ ವಾಷಿಂಗ್ಟನ್ ನಗರದ ಗ್ಯಾಲಡೆಟ್ ವಿಶ್ವವಿದ್ಯಾಲಯ ಕಿವುಡರ ಉಚ್ಚ ಶಿಕ್ಷಣಕ್ಕಾಗಿಯೇ ಸ್ಥಾಪಿತವಾದುದು. ಅದಕ್ಕೆ ಪದವಿ ನೀಡುವ ಅಧಿಕಾರವನ್ನು ಕೊಟ್ಟ ಶಾಸನಕ್ಕೆ 1864ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದರು. ಮೊದಲ ಅಧ್ಯಕ್ಷ ಎಡ್ವರ್ಡ್ ಮೈನರ್ ಗ್ಯಾಲಡೆಟ್ ಅವರಿಗೆ ಕಿವಿ ಕೇಳುತ್ತಿತ್ತು, ಅವರ ತಾಯಿಗೆ ಕೇಳುತ್ತಿರಲಿಲ್ಲ. ಸನ್ನೆಭಾಷೆ ಅವರಿಗೆ ಅಕ್ಷರಶಃ ಮಾತೃಭಾಷೆ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡ ಮಕ್ಕಳಿಗೆ ಸನ್ನೆಯನ್ನು ಬಿಡಿಸಿ ಬಾಯಿಮಾತನ್ನೇ ಕಲಿಸಬೇಕೆಂದು ಗೊತ್ತುಮಾಡಿದಾಗ ವಿರೋಧಿಸಿದ ಕೆಲವರಲ್ಲಿ ಅವರೂ ಒಬ್ಬರು. ಇಂಥ ಹಿರಿಯರು ಕಟ್ಟಿದ ಸಂಸ್ಥೆಯಾದರೂ 124 ವರ್ಷಗಳ ಕಾಲ ಅದರ ಅಧ್ಯಕ್ಷ ಪೀಠದಲ್ಲಿ ಕಿವುಡರೊಬ್ಬರೂ ಕುಳಿತಿರಲಿಲ್ಲ.

1988ರಲ್ಲಿ ಆ ಸ್ಥಾನ ತೆರವಾಯಿತು. ಅಂತಿಮ ಪಟ್ಟಿಯಲ್ಲಿ ಮೂವರು. ಹಾರ್ವಿ ಕೊರ್ಸನ್ ಮತ್ತು ಕಿಂಗ್ ಜೋರ್ಡನ್ ಕಿವುಡರು. ಎಲಿಜಬೆತ್ ಜಿನ್ಸರ್ ಅವರಿಗೆ ಕಿವಿ ಕೇಳುತ್ತಿತ್ತು, ಸನ್ನೆಭಾಷೆ ಬರುತ್ತಿರಲಿಲ್ಲ. ಮಾರ್ಚ್ 6ರ ಭಾನುವಾರ ಆಡಳಿತ ಮಂಡಲಿ ಆರಿಸಿದ್ದು ಜಿನ್ಸರ್ ಅವರನ್ನು. ಮಂಡಲಿಯಲ್ಲಿ ಬಹುಸಂಖ್ಯಾತರು ಕಿವಿ ಕೇಳುವವರೇ. ಕೇಳುವವರ ಪ್ರಪಂಚದಲ್ಲಿ ವ್ಯವಹರಿಸಲು ಕಿವುಡರು ಇನ್ನೂ ಸಿದ್ಧರಾಗಿಲ್ಲವೆಂದು ಮಂಡಲಿಯ ಅಧ್ಯಕ್ಷೆ ಜೇನ್ ಸ್ಪಿಲ್ಮನ್ ಅಂದರೆಂಬ ಸುದ್ದಿ ಹಬ್ಬಿತು. ಹಾಗೆ ಅಂದಿಲ್ಲ, ದುಭಾಷಿಯ ತಪ್ಪು ಎಂದು ಅವರು ನಿರಾಕರಿಸಿದರು. ಸತ್ಯ ಏನೇ ಇರಲಿ, ತಾವು ಆಳುವ ವಿದ್ಯಾರ್ಥಿಗಳೊಡನೆ ಮಾತನಾಡಲು ಅವರಿಗೆ ದುಭಾಷಿ ಬೇಕಾಗಿತ್ತಲ್ಲ!

ಮರುದಿನ ಬೆಳಗಾಗುವಷ್ಟರಲ್ಲಿ ಹೆಬ್ಬಾಗಿಲುಗಳು ಮುಚ್ಚಿದ್ದುವು. ವಿದ್ಯಾರ್ಥಿಗಳು ಬಸ್ಸುಗಳನ್ನು ಅಡ್ಡ ನಿಲ್ಲಿಸಿ ಗಾಲಿಗಳ ಗಾಳಿ ಬಿಟ್ಟಿದ್ದರು. ಅವರ ಬೇಡಿಕೆಗಳು ನಾಲ್ಕು: ಕಿವುಡರೇ ಅಧ್ಯಕ್ಷರಾಗಬೇಕು, ಸ್ಪಿಲ್ಮನ್ ರಾಜೀನಾಮೆ ಕೊಡಬೇಕು, ಮಂಡಲಿಯಲ್ಲಿ ಕಿವುಡರು ಬಹುಸಂಖ್ಯಾತರಾಗಬೇಕು, ಚಳವಳಿಗಾರರ ಮೇಲೆ ಹಗೆ ಸಾಧಿಸಬಾರದು. ಸವಲತ್ತುಗಳನ್ನು ಕೇಳಿದ್ದರೆ ಬಹುಶಃ ಅಂದೇ ದೊರೆಯುತ್ತಿದ್ದುವು. ಅವರು ಕೇಳಿದ್ದು ಪೀಠವನ್ನು.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದ ವ್ಯಕ್ತಿ ಜೋರ್ಡನ್. 21ನೆಯ ವಯಸ್ಸಿನಲ್ಲಿ, ನೌಕಾಪಡೆಯಲ್ಲಿದ್ದಾಗ, ಮೋಟಾರ್ ಸೈಕಲ್ ಅಪಘಾತದಲ್ಲಿ ಕಿವಿ ಕಳೆದುಕೊಂಡವರು. 1988ರಲ್ಲಿ ಅಲ್ಲಿಯೇ ಡೀನ್. ಬುಧವಾರ ಅವರು ಮಂಡಲಿಯ ಆಯ್ಕೆಯನ್ನು ಬಹಿರಂಗವಾಗಿ ಬೆಂಬಲಿಸಿದರು. ಪದವಿಯಲ್ಲಿರುವವನ ವಿವೇಕ ಅದು. ನಾವಾಗಿದ್ದರೂ ಹಾಗೆಯೇ ಮಾಡುತ್ತಿದ್ದೆವೋ ಏನೋ. ಗುರುವಾರ ಆ ಮಾತನ್ನು ಹಿಂತೆಗೆದುಕೊಂಡು ವಿದ್ಯಾರ್ಥಿಗಳ ಪಕ್ಷದಲ್ಲಿ ನಿಂತರು. ಅಂದು ರಾತ್ರಿ ಜಿನ್ಸರ್ ಹಿಂದೆ ಸರಿದರು. ಶುಕ್ರವಾರ ಸಂಸತ್ ಭವನದತ್ತ ಸಾವಿರಾರು ಜನರ ಮೆರವಣಿಗೆ. ಭಾನುವಾರ, ಮಾರ್ಚ್ 13ರಂದು, ಸ್ಪಿಲ್ಮನ್ ಸ್ಥಾನ ಬಿಟ್ಟರು. ಕಿವುಡರಾದ ಫಿಲಿಪ್ ಬ್ರೇವಿನ್ ಮಂಡಲಿಯ ಅಧ್ಯಕ್ಷರಾದರು. ಜೋರ್ಡನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಕೇಳಿಸಿಕೊಳ್ಳುವುದೊಂದನ್ನು ಬಿಟ್ಟು, ಕೇಳುವವರು ಮಾಡುವುದೆಲ್ಲವನ್ನೂ ಕಿವುಡರು ಮಾಡಬಲ್ಲರೆಂಬುದು ಅವರ ಹೆಸರಿನೊಡನೆ ನಿಂತ ಮಾತು.

ಬಾಗಿಲಿನಾಚೆಗೂ ಇದರ ಪರಿಣಾಮವಾಯಿತು. ಅಂಗವಿಕಲರ ಹಕ್ಕುಗಳ ಮಸೂದೆಯ ಪರವಾಗಿ ಜೋರ್ಡನ್ ಸಂಸತ್ತಿನ ಮುಂದೆ ಸಾಕ್ಷ್ಯ ನುಡಿದರು. 1990ರ ಜುಲೈ 26ರಂದು ಜಾರ್ಜ್ ಬುಷ್ ಅದಕ್ಕೆ ಸಹಿ ಹಾಕಿದರು. ಕಿವುಡರಿಗೂ ಕೇಳುವವರಿಗೂ ನಡುವೆ ಸಂದೇಶ ದಾಟಿಸುವ ಏರ್ಪಾಡನ್ನು ದೂರವಾಣಿ ಸಂಸ್ಥೆಗಳು ಮಾಡಬೇಕೆಂಬ ಕಟ್ಟಳೆಯೂ ಅದರಲ್ಲಿತ್ತು.

ಕಥೆಯನ್ನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ 2006ರಲ್ಲಿ ಜೋರ್ಡನ್ ನಿವೃತ್ತರಾಗುವ ಹೊತ್ತಿಗೆ ಅದೇ ಹೆಬ್ಬಾಗಿಲು ಮತ್ತೆ ಮುಚ್ಚಿತು. ಆಯ್ಕೆಯಾಗಿದ್ದ ಜೇನ್ ಫರ್ನಾಂಡಿಸ್ ಕಿವುಡರೇ; ಸನ್ನೆಭಾಷೆಯನ್ನು ಮಾತ್ರ ಪ್ರಾಯಕ್ಕೆ ಬಂದ ಮೇಲೆ ಕಲಿತವರು. ಸಾಕಷ್ಟು ಕಿವುಡಳಲ್ಲವೆಂದು ತನ್ನನ್ನು ತಿರಸ್ಕರಿಸುತ್ತಿದ್ದಾರೆಂದು ಆಕೆ ದೂರಿದರು. ಆಯ್ಕೆಯ ರೀತಿಯೂ ಆಕೆಯ ಆಡಳಿತದ ರೀತಿಯೂ ಸರಿಯಿಲ್ಲವೆಂದು ವಿದ್ಯಾರ್ಥಿಗಳು ವಾದಿಸಿದರು. ಅಕ್ಟೋಬರ್ 13ರಂದು ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಆಗ ಅಧ್ಯಕ್ಷ ಪೀಠದಲ್ಲಿದ್ದವರು, ಹದಿನೆಂಟು ವರ್ಷಗಳ ಹಿಂದೆ ಅಂಥದೇ ಚಳವಳಿಯಿಂದ ಅಲ್ಲಿಗೇರಿದ ಜೋರ್ಡನ್. ತಿಂಗಳು ಮುಗಿಯುವುದರೊಳಗೆ ಮಂಡಲಿ ಆ ನೇಮಕವನ್ನು ರದ್ದುಪಡಿಸಿತು.