ಶೇಷ ಉಳಿಯದ ಭಾಗಾಕಾರ: ಮನೆಯಲ್ಲೇ ಅಭ್ಯಾಸ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮುಂಬಯಿಯ ನಮ್ಮ ಮನೆಗಳಲ್ಲಿ ಮಗು ಮೂರನೆಯ ತರಗತಿಗೆ ಬರುತ್ತಿದ್ದಂತೆ ಟ್ಯೂಶನ್ ಹುಡುಕುವ ಗಡಿಬಿಡಿ ಶುರುವಾಗುತ್ತದೆ. ಕಾರಣ ಕೇಳಿದರೆ, "ಡಿವಿಷನ್ ಬರ್ತಾ ಇಲ್ಲ" ಎನ್ನುತ್ತಾರೆ. ಕೂಡಿಸುವುದು, ಕಳೆಯುವುದು ಸರಾಗ. ಭಾಗಾಕಾರ ಬಂದಾಗ ಎಂಟು ವರ್ಷದ ಹುಡುಗಿ "ನನಗೆ ಗಣಿತ ಬರೋದೇ ಇಲ್ಲ" ಅಂತ ತನ್ನಷ್ಟಕ್ಕೇ ತೀರ್ಮಾನ ಮಾಡಿಬಿಡುತ್ತಾಳೆ. ನನಗೆ ಭಯ ಇರುವುದು ಆ ತೀರ್ಮಾನದ ಬಗ್ಗೆ. ಹತ್ತನೆಯ ತರಗತಿಯವರೆಗೂ ಅದು ಬೆನ್ನು ಬಿಡುವುದಿಲ್ಲ. ಇದು ನಮ್ಮ ಮನೆಗಳ ಕಥೆ ಮಾತ್ರವೂ ಅಲ್ಲ. ಗ್ರಾಮೀಣ ಭಾರತದ 'ಅಸರ್' ವರದಿಯಂತೆ 2024ರಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಮೂರರಲ್ಲಿ ಒಂದು ಪಾಲಿಗೂ ಕಡಿಮೆ.

"ನಮ್ಮದು ಕನ್ನಡ ಮಗ್ಗಿ, ಅವರದು ಇಂಗ್ಲಿಷ್ ಶಾಲೆ, ನಾವೇನು ಹೇಳಿಕೊಡುವುದು?" ಎಂದು ಅಜ್ಜಿಯಂದಿರು ಹಿಂದೆ ಸರಿಯುತ್ತಾರೆ. ನಾನು ಒಪ್ಪುವುದಿಲ್ಲ. 'ಮೂರ್ನಾಕ್ಲ ಹನ್ನೆರಡು' ಎಂದರೂ, ಮರಾಠಿಯಲ್ಲಿ 'ತೀನ್ ಚೋಕ್ ಬಾರಾ' ಎಂದರೂ ಹನ್ನೆರಡು ಹನ್ನೆರಡೇ. ಪದಗಳಲ್ಲಿ ಮಾತ್ರ ತುಸು ಎಚ್ಚರ ಬೇಕು. ನಮಗೆ ಭಾಗಾಕಾರ ಎಂದರೆ ಲೆಕ್ಕದ ಹೆಸರು, ಉತ್ತರ ಭಾಗಲಬ್ಧ. ಮರಾಠಿ ಪುಸ್ತಕದಲ್ಲಿ ಉತ್ತರಕ್ಕೇ 'ಭಾಗಾಕಾರ' ಎನ್ನುತ್ತಾರೆ. ಮರಾಠಿ ಶಾಲೆಗೆ ಹೋಗುವ ಮಗುವಿಗೆ ಇದನ್ನು ಮೊದಲೇ ಹೇಳಿಬಿಡಿ.

ಊರಿಂದ ತಂದ ಚೆನ್ನೆಮಣೆ ಎಷ್ಟೋ ಮನೆಗಳಲ್ಲಿ ಶೋಕೇಸಿನಲ್ಲಿದೆ. ಅದನ್ನು ಕೆಳಗಿಳಿಸಿ. ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಒಂದು ಸಾಲಿನ 28 ಕಾಯಿಯನ್ನು ಮಗುವಿನ ಕೈಗೆ ಕೊಟ್ಟು, "ಏಳು ಗುಳಿಗೂ ಸಮವಾಗಿ ಹಂಚು, ಒಂದೊಂದರಲ್ಲಿ ಎಷ್ಟು?" ಎಂದು ಕೇಳಿ. ನಾಲ್ಕು. ಕಾಯಿ ವಾಪಸು ತೆಗೆದು, "ಈಗ ಗುಳಿಗೆ ನಾಲ್ಕರಂತೆ ಹಾಕುತ್ತಾ ಹೋಗು, ಎಷ್ಟು ಗುಳಿ ತುಂಬುತ್ತದೆ?" ಏಳು. ಮೊದಲನೆಯದು ಹಂಚುವ ಲೆಕ್ಕ, ಎರಡನೆಯದು ಗುಂಪು ಮಾಡುವ ಲೆಕ್ಕ. ಚಕ್ಕುಲಿ ಹಂಚಿ ಹಂಚಿ ಮಕ್ಕಳಿಗೆ ಮೊದಲನೆಯದು ಗೊತ್ತಿರುತ್ತದೆ. ಎರಡನೆಯದನ್ನು ಯಾರೂ ಕೇಳಿರುವುದಿಲ್ಲ. ಪುಸ್ತಕದ ಪ್ರಶ್ನೆಯಲ್ಲಿ ಅದು ಬಂದಾಗ ತಡಬಡಿಸುತ್ತಾರೆ.

ಲೆಕ್ಕ ಕೊಡುವಾಗ ಮಗ್ಗಿಯಿಂದಲೇ ಹೆಕ್ಕಿ ಕೊಡಿ. ಏಳೆಂಟ್ಲ ಐವತ್ತಾರು, ಅದರಿಂದ 56 ÷ 7 ಮತ್ತು 56 ÷ 8 ಎರಡೂ ಸಿಕ್ಕವು, ಶೇಷ ಉಳಿಯುವ ಮಾತೇ ಇಲ್ಲ. ಬಾಯಿಗೆ ಬಂದ ಸಂಖ್ಯೆ ಹೇಳಿದರೆ ಎರಡನೆಯ ಲೆಕ್ಕದಲ್ಲೇ ಮಗು ಸಿಕ್ಕಿಬೀಳುತ್ತದೆ. 2, 5, 10ರಿಂದ ಆರಂಭಿಸಿ, ಆಮೇಲೆ 3, 4; ಏಳು-ಎಂಟರ ಅವಸರ ಬೇಡ. ಸೊನ್ನೆಯಿಂದ ಭಾಗಿಸುವ ಲೆಕ್ಕ ಮಾತ್ರ ಕೊಡಬೇಡಿ, ಅದಕ್ಕೆ ಉತ್ತರವೇ ಇಲ್ಲ. ದಿನಕ್ಕೆ ಐದಾರು ಲೆಕ್ಕ ಸಾಕು. ಎರಡು ಪುಟ ವರ್ಕ್‌ಶೀಟ್ ಪ್ರಿಂಟ್ ತೆಗೆಯುವ ತಾಯಂದಿರು ದಯವಿಟ್ಟು ಬೇಸರಿಸಬೇಡಿ, ಪ್ರಿಂಟರಿಗೂ ವಿಶ್ರಾಂತಿ ಬೇಕು!

ದೊಡ್ಡ ಸಂಖ್ಯೆಯಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ಕೂಡಿಸುವುದು, ಕಳೆಯುವುದು ಬಲದಿಂದ ಆರಂಭ, ಭಾಗಾಕಾರ ಎಡದಿಂದ. ಅದನ್ನು ಬಾಯಿಬಿಟ್ಟು ಹೇಳಬೇಕು. 612 ÷ 6 ಕೊಟ್ಟರೆ ಬಹಳ ಮಕ್ಕಳು 12 ಎಂದು ಬರೆಯುತ್ತಾರೆ. ಆರರಲ್ಲಿ ಆರು ಒಂದು ಸಲ, ಮುಂದಿನ ಒಂದರಲ್ಲಿ ಆರು ಹೋಗುವುದಿಲ್ಲ, ಅಲ್ಲಿ ಸೊನ್ನೆ ಇಡುವುದನ್ನು ಬಿಟ್ಟು ನೇರ ಹನ್ನೆರಡಕ್ಕೆ ಜಿಗಿಯುತ್ತಾರೆ. "ತಪ್ಪು" ಎನ್ನಬೇಡಿ. "600 ರೂಪಾಯಿ ಆರು ಜನಕ್ಕೆ ಹಂಚಿದರೆ ಎಷ್ಟು?" ಎಂದು ಕೇಳಿ. ನೂರು ಎನ್ನುತ್ತದೆ. "ಹಾಗಾದರೆ 612 ಹಂಚಿದರೆ ಬರೀ ಹನ್ನೆರಡೇ?" ಮಗು ತಾನೇ ನಕ್ಕು 102 ಎಂದು ತಿದ್ದುತ್ತದೆ. ಸರಿಯೋ ಎಂದು ನಿಮ್ಮನ್ನು ಕೇಳಿದರೆ ಉತ್ತರ ಹೇಳಬೇಡಿ, "ಆರರಿಂದ ಗುಣಿಸಿ ನೋಡು" ಎನ್ನಿ.

ಚೆನ್ನೆಮಣೆ ಇಲ್ಲದವರಿಗೆ 30 ಗುಂಡಿಯ ಮೊಟ್ಟೆ ಟ್ರೇ ಆದೀತು, ಐದು ಸಾಲು, ಸಾಲಿಗೆ ಆರು. ಮೊಟ್ಟೆ ತರದ ಮನೆಯವರು ಇಡ್ಲಿ ತಟ್ಟೆ, ಹುಣಸೆ ಬೀಜ ಹಿಡಿಯಿರಿ. ನನ್ನ ಮಣೆ, ಕಾಯಿ ಎರಡನ್ನೂ ಇಲ್ಲಿ ತಂದಿದ್ದೇನೆ. ಚಹಾ ಆದ ಮೇಲೆ ಮಕ್ಕಳನ್ನು ಈ ಮೇಜಿನ ಹತ್ತಿರ ಕಳುಹಿಸಿ.