ರೀಸೆಟ್ ಗುಂಡಿ ಒತ್ತುವವರು ಯಾರು?

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಮಕ್ಕಳಿಗೆ ಪಂಪ್‌ಸೆಟ್ ಹೊಸದಲ್ಲ. ಹೊಲದ ಮೂಲೆಯ ಡಬ್ಬಿಯಲ್ಲಿ ಸ್ಟಾರ್ಟರ್ ಇರುತ್ತದೆ. ಹಸಿರು ಗುಂಡಿ ಒತ್ತಿದರೆ ಮೋಟಾರು ಚಾಲೂ, ಕೆಂಪು ಒತ್ತಿದರೆ ಬಂದ್. ಮೂರು ಫೇಸಿನಲ್ಲಿ ಒಂದು ಹೋದರೆ, ಇಲ್ಲವೇ ಪಂಪಿಗೆ ಕಸ ಸಿಕ್ಕಿ ಬಿಗಿಯಾದರೆ, ಮೋಟಾರು ವಿಪರೀತ ಕರೆಂಟು ಎಳೆಯತೊಡಗುತ್ತದೆ. ಆಗ ಸ್ಟಾರ್ಟರಿನೊಳಗಿನ ಓವರ್‌ಲೋಡ್ ರಿಲೇ ಬಿಸಿಯಾಗಿ, ಟಪ್ಪೆಂದು ಟ್ರಿಪ್ ಆಗುತ್ತದೆ. ಮೋಟಾರು ಉಳಿಯಿತು, ನೀರು ನಿಂತಿತು. ಇನ್ನು ಅಪ್ಪನೋ ಕಾಕಾನೋ ರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕು, ರೀಸೆಟ್ ಗುಂಡಿ ಒತ್ತಬೇಕು.

ಆ ಗುಂಡಿಯನ್ನು ಯಂತ್ರವೇ ಒತ್ತಿಕೊಳ್ಳುವಂತಿದ್ದರೆ? ಇದನ್ನು ತಿಳಿಯಲು ದೊಡ್ಡ ಮೋಟಾರು ಬಿಟ್ಟು, ರೇಡಿಯೊ ರಿಪೇರಿ ಮಾಡುವವರ ಮೇಜಿನ ಮೇಲಿರುವ 12 ವೋಲ್ಟಿನ ಪವರ್ ಸಪ್ಲೈ ನೋಡೋಣ. ಕೆಲವು ಸಪ್ಲೈಗಳಿಗೆ ಕಾವಲಿರುವುದು ಥೈರಿಸ್ಟರ್ ಎಂಬ ಮೂರು ಕಾಲಿನ ಪುಟ್ಟ ಸಾಧನ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ 1957ರಲ್ಲಿ ಇದು ತಯಾರಾಯಿತು. ಅದರ ಕಾಲುಗಳು ಆನೋಡ್, ಕ್ಯಾಥೋಡ್ ಮತ್ತು ಗೇಟ್.

ತುಂಗಭದ್ರಾ ಎಡದಂಡೆ ಕಾಲುವೆಗೆ ಒಂದು ವಿಚಿತ್ರ ತೂಬು ಇದೆ ಎಂದುಕೊಳ್ಳಿ. ಕಿರುಬೆರಳು ತಾಕಿಸಿದರೆ ಸಾಕು, ತೆರೆದುಕೊಳ್ಳುತ್ತದೆ. ಬೆರಳು ತೆಗೆದರೂ ಮುಚ್ಚುವುದಿಲ್ಲ. ಮೇಲಿನಿಂದ ನೀರು ಬರುವುದು ನಿಂತಾಗ ಮಾತ್ರ ಮುಚ್ಚುತ್ತದೆ. ಥೈರಿಸ್ಟರ್ ಸ್ವಭಾವವೂ ಇದೇ. ಗೇಟಿಗೆ ಒಂದು ಕ್ಷಣ ಕರೆಂಟು ಸೋಕಿದರೆ ತೆರೆಯುತ್ತದೆ. ಒಳಗೆ ಹರಿಯುವ ಕರೆಂಟು ತೀರಾ ಇಳಿಯುವ ತನಕ ತೆರೆದೇ ಇರುತ್ತದೆ.

ನೀವೇ ಮಾಡಿ ನೋಡಬಹುದು. 9 ವೋಲ್ಟಿನ ಬ್ಯಾಟರಿ, ಒಂದು ಎಲ್‌ಇಡಿ, 470 ಓಮ್ ರೆಸಿಸ್ಟರ್, ಸಿ106 ಎಂಬ ಥೈರಿಸ್ಟರ್ ಇವುಗಳನ್ನು ಸಾಲಾಗಿ ಜೋಡಿಸಿ. ಕ್ಯಾಥೋಡ್ ಬ್ಯಾಟರಿಯ ಮೈನಸ್ ಕಡೆಗಿರಲಿ. ಎಲ್‌ಇಡಿ ಹತ್ತುವುದಿಲ್ಲ. ಈಗ ಬ್ಯಾಟರಿಯ ಪ್ಲಸ್‌ನಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಬಂದ ತಂತಿಯನ್ನು ಗೇಟಿಗೆ ತಾಕಿಸಿ ತೆಗೆಯಿರಿ. ಎಲ್‌ಇಡಿ ಹತ್ತಿತು, ತಂತಿ ತೆಗೆದರೂ ಆರಲಿಲ್ಲ! ಬ್ಯಾಟರಿಯ ತಂತಿ ಕಳಚಿದರೆ ಮಾತ್ರ ಆರುತ್ತದೆ. ನೆನಪಿರಲಿ, ಈ ಆಟ ಬ್ಯಾಟರಿಯ ಜೊತೆಗೆ ಮಾತ್ರ. ಗೋಡೆಯ ಪ್ಲಗ್ಗಿನ ಹತ್ತಿರ ಬೇಡವೇ ಬೇಡ.

ಪವರ್ ಸಪ್ಲೈಯಲ್ಲಿ ಗೇಟಿಗೆ ತಂತಿ ತಾಕಿಸುವವರು ಯಾರು? ಹೊರಗೆ ಹೋಗುವ ಕರೆಂಟನ್ನು ಅರ್ಧ ಓಮಿನ ಒಂದು ರೆಸಿಸ್ಟರ್ ಮೂಲಕ ಹಾಯಿಸಿರುತ್ತಾರೆ. ಹೊರಗಿನ ತಂತಿಗಳು ಒಂದಕ್ಕೊಂದು ತಾಕಿ ಶಾರ್ಟ್ ಆಗಿ, ಕರೆಂಟು 1.2 ಆಂಪಿಯರ್ ಮುಟ್ಟಿದರೆ ಅದರ ಎರಡು ತುದಿಗಳ ನಡುವೆ 0.6 ವೋಲ್ಟ್ ಏಳುತ್ತದೆ. ಗೇಟ್ ಎಚ್ಚರಗೊಳ್ಳಲು ಹೆಚ್ಚುಕಡಿಮೆ ಅಷ್ಟೇ ಬೇಕು. ತೆರೆದ ಥೈರಿಸ್ಟರ್, ಹೊರಗೆ ಕರೆಂಟು ಬಿಡುವ ಸಪ್ಲೈಯ ಮುಖ್ಯ ಟ್ರಾನ್ಸಿಸ್ಟರನ್ನು ಬಂದ್ ಮಾಡುತ್ತದೆ. ಶಾರ್ಟ್ ಆದ ತಂತಿ ಬಿಡಿಸಿದರೂ ಸಪ್ಲೈ ಏಳುವುದಿಲ್ಲ, ಏಕೆಂದರೆ ಥೈರಿಸ್ಟರಿನೊಳಗೆ ಸಣ್ಣ ಕರೆಂಟು ಇನ್ನೂ ಹರಿಯುತ್ತಲೇ ಇದೆ. ಸ್ವಿಚ್ ಆರಿಸಿ ಮತ್ತೆ ಹಾಕಬೇಕು.

ಆ ಸಣ್ಣ ಕರೆಂಟನ್ನು ಕಡಿದರೆ ರೀಸೆಟ್ ತಾನಾಗಿ ಆಗುತ್ತದೆ. ಒಂದು ದಾರಿ ನಮ್ಮ ಮನೆಯ ಕರೆಂಟಿನಲ್ಲೇ ಇದೆ. ಅದು ಸೆಕೆಂಡಿಗೆ 50 ಸುತ್ತು ಏರಿಳಿಯುತ್ತದೆ. ಡಯೋಡುಗಳಿಂದ ಒಂದೇ ದಿಕ್ಕಿಗೆ ತಿರುಗಿಸಿ, ಏರಿಳಿತವನ್ನು ಸಮಮಾಡುವ ಕೆಪಾಸಿಟರ್ ಹಾಕದೆ ಥೈರಿಸ್ಟರಿಗೆ ಕೊಟ್ಟರೆ ಆ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಪ್ರತಿ ಸೊನ್ನೆಯಲ್ಲೂ ಥೈರಿಸ್ಟರ್ ಮುಚ್ಚಿಕೊಳ್ಳುತ್ತದೆ. ಆದರೆ ಶಾರ್ಟ್ ಹಾಗೇ ಇದ್ದರೆ ಸೆಕೆಂಡಿಗೆ ನೂರು ಪೆಟ್ಟು, ಟ್ರಾನ್ಸಿಸ್ಟರ್ ಕಾಯ್ದು ಸುಟ್ಟೀತು. ಇನ್ನೊಂದು ದಾರಿಯಲ್ಲಿ ಕೆಪಾಸಿಟರ್ ನಿಧಾನವಾಗಿ ತುಂಬುತ್ತದೆ. ಎರಡು ಮೂರು ಸೆಕೆಂಡಾದ ಮೇಲೆ ಇನ್ನೊಂದು ಟ್ರಾನ್ಸಿಸ್ಟರ್ ಥೈರಿಸ್ಟರಿನ ಕರೆಂಟನ್ನು ಕ್ಷಣಕಾಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕರೆಂಟಿಲ್ಲದ ಥೈರಿಸ್ಟರ್ ಮುಚ್ಚುತ್ತದೆ. ಈ ನಡುವೆ ಬಿಸಿಯಾದದ್ದಕ್ಕೆ ತಣಿಯಲು ಹೊತ್ತು ಸಿಗುತ್ತದೆ.

ನಿಂತು, ಕಾದು, ಮತ್ತೆ ಯತ್ನಿಸುವ ಈ ಜಾಣತನ ನಮ್ಮ ರಾಜ್ಯದಲ್ಲಿ ಬಲು ದೊಡ್ಡ ಪ್ರಮಾಣದಲ್ಲೂ ನಡೆಯುತ್ತದೆ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ, ವಿದ್ಯುತ್ ಮಾರ್ಗವಿದೆ. 2003ರಲ್ಲಿ ಶುರುವಾದದ್ದು. ಅದರ ಎರಡೂ ತುದಿಗಳಲ್ಲಿ ಕೆಲಸ ಮಾಡುವುದು ಥೈರಿಸ್ಟರುಗಳ ಸಾಲು. ಇಂಥ ಮಾರ್ಗಕ್ಕೆ ಸಿಡಿಲು ಬಡಿದರೆ ಥೈರಿಸ್ಟರುಗಳನ್ನು ನಿಯಂತ್ರಿಸಿ ಕರೆಂಟನ್ನು ಸೊನ್ನೆಗೆ ತರುತ್ತಾರೆ. ಕಿಡಿಯಿಂದ ಕಾದ ಗಾಳಿ ತಣಿಯಲು ಸೆಕೆಂಡಿನ ಒಂದು ಪಾಲು ಬಿಟ್ಟು, ಮತ್ತೆ ಹರಿಸುತ್ತಾರೆ. ಎಲ್ಲವೂ ತಾನಾಗಿ. ಕೆಲವು ಯತ್ನಗಳಲ್ಲಿ ಸರಿಹೋಗದಿದ್ದರೆ ಮಾರ್ಗ ಪೂರ್ತಿ ಬಂದ್. ಮುಂದಿನದು ಮನುಷ್ಯರ ಕೆಲಸ.

ಹಾಗಾದರೆ ಎಲ್ಲಕ್ಕೂ ತಾನಾಗಿ ಆಗುವ ರೀಸೆಟ್ ಒಳ್ಳೆಯದೇ? ಮೇಜಿನ ಮೇಲಿನ ಪವರ್ ಸಪ್ಲೈ ತಾನೇ ಎದ್ದರೆ ಅನುಕೂಲ. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಮೋಟಾರು ಟ್ರಿಪ್ ಆಗಿ, ಸಿಕ್ಕಿಕೊಂಡ ಬೆಲ್ಟನ್ನು ಯಾರೋ ಬಿಡಿಸುತ್ತಿರುವಾಗ ಅದು ತಾನೇ ತಿರುಗಿದರೆ? ಅಲ್ಲಿ ಗುಂಡಿ ಮನುಷ್ಯನ ಕೈಯಲ್ಲೇ ಇರಬೇಕು. ಈಗ ನೀವು ಹೇಳಿ: ಹೊಲದ ಪಂಪಿಗೆ ಯಾವುದು ಸರಿ? ಉತ್ತರಕ್ಕೆ ಮೊದಲು, ಅದು ಏಕೆ ಟ್ರಿಪ್ ಆಯಿತೆಂದು ಅಪ್ಪನನ್ನು ಕೇಳಿ.